ಕೊಡಗಿನ ಇಳಿಜಾರಲ್ಲಿ ತೋಟ, ಗದ್ದೆನ ಕಟ್ಟಡದ ಜಾಗ ಮಾಡೋ ಕನ್ವರ್ಷನ್ ಪೂರ್ತಿ ನಿಲ್ಲಿಸ್ಬೇಕಾ?

ಪರ

ನಿಲ್ಲಿಸ್ಲೇಬೇಕು. 2018ರ ಆಗಸ್ಟಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಮಾರನೇ ವರ್ಷ ತೋರ, 2020ರಲ್ಲಿ ತಲಕಾವೇರಿ ಹತ್ರ ಬ್ರಹ್ಮಗಿರಿ, ಹೀಗೆ ಗುಡ್ಡ ಕುಸೀತಾನೇ ಬಂತು, ಇನ್ನೂ ಎಷ್ಟು ಬೇಕು? ಮಳೆ ಜಾಸ್ತಿ ಬಂತು ನಿಜ, ಆದ್ರೆ ಕೊಡಗಿಗೆ ಮಳೆ ಹೊಸದಲ್ಲ. ರೋಡಿಗೂ ಕಟ್ಟಡಕ್ಕೂ ಗುಡ್ಡ ಕಡಿದಿದ್ದು ಒಂದು ಮುಖ್ಯ ಕಾರಣ ಅಂತ 2018ರ ಆಮೇಲೆ ಭೂವೈಜ್ಞಾನಿಕ ಸರ್ವೇಕ್ಷಣೆಯವ್ರೇ ಹೇಳಿದ್ರು.

ಬರೆ, ಅಂದ್ರೆ ಗುಡ್ಡದ ಇಳಿಜಾರು, ಕಡಿಯೋದನ್ನ ಹತ್ರ ನಿಂತು ನೋಡಿ. ಜೆಸಿಬಿ ಬಂದು ಇಳಿಜಾರನ್ನ ನೆಟ್ಟಗೆ ಕೆತ್ತುತ್ತೆ, ಆ ಮಣ್ಣನ್ನ ಕೆಳಗಿನ ತೋಡಿಗೆ (ಸಣ್ಣ ಹಳ್ಳಕ್ಕೆ) ತಳ್ತಾರೆ, ಬೇರಲ್ಲಿ ಮಣ್ಣು ಹಿಡ್ಕೊಂಡಿದ್ದ ಮರ ಮೊದಲೇ ಹೋಗಿರುತ್ತೆ, ಜೂನ್ ಬಂದ್ರೆ ನೀರು ಹರಿದು ಹೋಗೋಕೆ ದಾರಿ ಇಲ್ದೆ ಒಳಗೇ ಇಂಗಿ ಇಂಗಿ ಮಣ್ಣು ಭಾರ ಆಗಿ ಒಂದೇ ಸಲ ಜಾರುತ್ತೆ. ಕಡಿಸಿದವ್ರ ಕಟ್ಟಡ ಉಳೀಬಹುದು, ಕೆಳಗಿರೋ ಲೈನ್‌ಮನೆ ಉಳಿಯಲ್ಲ. ಅಲ್ಲಿರೋದು ತೋಟದ ಕೆಲಸದವ್ರು, ರೆಸಾರ್ಟ್ ದುಡ್ಡಲ್ಲಿ ಅವ್ರಿಗೆ ಪಾಲಿಲ್ಲ. ಇತ್ತ ಗದ್ದೆಗಳಿಗೂ ಮಣ್ಣು ತುಂಬಿಸಿ ಸೈಟ್ ಮಾಡ್ತಿದಾರೆ, ಮಳೆ ನೀರು ನಿಲ್ತಿದ್ದಿದ್ದೇ ಅಲ್ಲಿ. ಬೇಸಿಗೇಲಿ ಬಾವಿ ಬತ್ತಿತು ಅಂತ ಆಮೇಲೆ ಯಾರ ಹತ್ರ ಹೇಳೋದು?

ವಿರೋಧ

ಗುಡ್ಡ ಉಳೀಬೇಕು ಅನ್ನೋದ್ರಲ್ಲಿ ನಂಗೆ ತಕರಾರಿಲ್ಲ, ತಕರಾರಿರೋದು ‘ಪೂರ್ತಿ’ ಅನ್ನೋದಕ್ಕೆ. ಇಲ್ಲಿ ಸಮತಟ್ಟು ಜಾಗ ಎಲ್ಲಿದೆ ಸ್ವಾಮಿ? ಎರಡು ಮೂರು ಎಕರೆ ತೋಟ ಇರೋರಿಗೆ ಮಾರ್ಚಲ್ಲಿ ಕಾಫಿ ಹೂ ಬಿಡಿಸೋ ಹೂಮಳೆ ಕೈಕೊಟ್ರೆ ಒಂದು ಹೊಡೆತ, ಆಗಸ್ಟಲ್ಲಿ ಬಿಡದೆ ಸುರಿದು ಕಾಯಿ ಉದುರಿದ್ರೆ ಇನ್ನೊಂದು, ಮಧ್ಯ ಆನೆ ಕಾಟ. ಅಂಥವ್ರು ಮನೆ ಪಕ್ಕ ಎರಡು ರೂಮ್ ಹೋಂಸ್ಟೇ ಮಾಡ್ಕೊಂಡು ಮಕ್ಕಳ ಫೀಸ್ ಕಟ್ತಿದಾರೆ, ಅವ್ರನ್ನೂ ನೂರು ರೂಮಿನ ರೆಸಾರ್ಟನ್ನೂ ಒಂದೇ ತಕ್ಕಡೀಲಿ ತೂಗೋದು ಅನ್ಯಾಯ.

ಪಶ್ಚಿಮ ಘಟ್ಟ ಉಳಿಸೋಕೆ ಬಂದ 2013ರ ಕಸ್ತೂರಿರಂಗನ್ ವರದಿ ಕೂಡ ಕಟ್ಟಡದ ವಿಷ್ಯದಲ್ಲಿ ಬೇಡ ಅಂದಿದ್ದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡದಕ್ಕೆ, ನಮ್ಮ ಮನೆಗಳಿಗಲ್ಲ. ಆದ್ರೂ ಊರವ್ರು ಹೆದರಿದ್ರು, 2024ರಲ್ಲಿ ರಾಜ್ಯ ಸಂಪುಟವೂ ವರದಿ ಒಪ್ಪಲಿಲ್ಲ, ಯಾಕಂದ್ರೆ ರೂಲ್ಸ್ ಬಂದಾಗ ಮೊದಲು ಸಿಕ್ಕಿಬೀಳೋದು ಸಣ್ಣವ್ರು ಅಂತ ಎಲ್ರಿಗೂ ಗೊತ್ತು. ಮೈಸೂರು-ಕೋಝಿಕ್ಕೋಡ್ 400 ಕೆವಿ ಕರೆಂಟ್ ಲೈನಿಗೆ ದಕ್ಷಿಣ ಕೊಡಗಲ್ಲಿ ಸಾಲು ಸಾಲು ಮರ ಉರುಳಿದಾಗ ಜನ ಎಷ್ಟು ವಿರೋಧಿಸಿದ್ರೂ ಕೇಳಿದ್ಯಾರು?

ಇಳಿಜಾರು ಎಷ್ಟು ಕಡಿದಾಗಿದೆ, ಕೆಳಗೆ ಮನೆ ಇದ್ಯಾ, ತೋಡು ಎಲ್ಲಿ ಹರಿಯುತ್ತೆ ಅಂತ ಸರ್ವೆ ನಂಬರ್ ವಾರು ಮ್ಯಾಪ್ ಮಾಡಿ ಪಂಚಾಯ್ತಿ ಬೋರ್ಡಲ್ಲಿ ಹಾಕ್ಲಿ. ಅಪಾಯ ಇರೋ ಕಡೆ ದೊಡ್ಡವ್ರು ಸಣ್ಣವ್ರು ಯಾರಿಗೂ ಬೇಡ, ಉಳಿದ ಕಡೆ ಸಣ್ಣ ಮನೆಗೆ ತಾಲ್ಲೂಕಾಫೀಸ್ ಅಲೆಸದೆ ಪರ್ಮಿಷನ್ ಕೊಡ್ಲಿ.