ಕುಡಿತ ನಿಲ್ಲಿಸಿದರೆ ಸಾಕಾ?

ಮದ್ಯ ನಿಷೇಧಿಸಿ, ಪೊಲೀಸರನ್ನು ಹೆಚ್ಚಿಸಿದರೆ ಫುಟ್‌ಬಾಲ್ ಟೂರ್ನಿಗಳ ಗಲಾಟೆ ನಿಲ್ಲುತ್ತದೆ ಅಂತ ಈ ಬಗ್ಗೆ ಬಂದ ಒಂದು ಲೇಖನದಲ್ಲಿ ಲೇಖಕರು ಹೇಳಿದ್ದಾರೆ. ಅಷ್ಟು ಸುಲಭ ಅಲ್ಲ ಸಾರ್.

2016ರ ಯೂರೋ, ಅಂದರೆ ಯುರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿ ನೆನಪಿದೆಯಾ? ಫ್ರಾನ್ಸಿನ ಮಾರ್ಸೇಯಲ್ಲಿ ಇಂಗ್ಲೆಂಡ್-ರಷ್ಯಾ ಪಂದ್ಯ 1-1ರಲ್ಲಿ ಮುಗಿದದ್ದೇ ತಡ, ರಷ್ಯಾದ ಗುಂಪೊಂದು ಸ್ಟೇಡಿಯಂ ಒಳಗೇ ಇಂಗ್ಲೆಂಡ್ ಅಭಿಮಾನಿಗಳ ಮೇಲೆ ನುಗ್ಗಿತು. ಅವರು ಕುಡಿದು ತೂರಾಡುತ್ತಿದ್ದವರಲ್ಲ, ಹೊಡೆದಾಟಕ್ಕೆಂದೇ ತಯಾರಾಗಿ ಬಂದವರು. ಎರಡೂ ಕಡೆಯವರ ನಡುವೆ ಗಟ್ಟಿಯಾದ ತಡೆಯೂ ಇರಲಿಲ್ಲ. ಇದು ಯಾರ ತಪ್ಪು?

ಪೊಲೀಸರ ವಿಷಯಕ್ಕೆ ಬಂದರೆ 2022ರ ಪ್ಯಾರಿಸ್ ನೋಡಿ. ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಫೈನಲ್‌ಗೆ ಟಿಕೆಟ್ ಹಿಡಿದು ನಿಂತಿದ್ದ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನ ಅಭಿಮಾನಿಗಳ ಮೇಲೆ ಅಶ್ರುವಾಯು ಬಿಟ್ಟರು. ಆಮೇಲೆ ಅಧಿಕಾರಿಗಳು ನಕಲಿ ಟಿಕೆಟ್, ತಡವಾಗಿ ಬಂದರು ಅಂತ ಅವರನ್ನೇ ದೂರಿದರು! ಮುಖ್ಯ ಹೊಣೆ ಪಂದ್ಯ ನಡೆಸಿದ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯದ್ದೇ ಎಂದು ಅದೇ ಸಂಸ್ಥೆ ನೇಮಿಸಿದ್ದ ಸ್ವತಂತ್ರ ತನಿಖಾ ತಂಡ 2023ರಲ್ಲಿ ಹೇಳಿತು. ಆದರೆ ಮೊದಲ ದಿನದ ಸುಳ್ಳೇ ಜಾಸ್ತಿ ಜನರನ್ನು ತಲುಪಿತು, ಅಲ್ವಾ?

ಹಾಗಂತ ಅಭಿಮಾನಿಗಳೆಲ್ಲ ಸಾಚಾ ಅಂತೇನೂ ಅಲ್ಲ. 2021ರ ಯೂರೋ ಫೈನಲ್‌ನಲ್ಲಿ ಟಿಕೆಟ್ ಇಲ್ಲದ ಸಾವಿರಾರು ಜನ ಲಂಡನ್ನಿನ ವೆಂಬ್ಲಿ ಸ್ಟೇಡಿಯಂಗೆ ನುಗ್ಗಿದರು. ಅಂಗವಿಕಲರ ಗೇಟನ್ನೂ ಬಿಡಲಿಲ್ಲ.

ಇಂಗ್ಲೆಂಡಿನ ಒಂದು ಕ್ರಮ ನನಗೆ ಸರಿ ಅನಿಸುತ್ತದೆ. ಪಂದ್ಯಗಳಿಗೆ ಹೋಗದಂತೆ ನ್ಯಾಯಾಲಯದ ನಿಷೇಧ ಆದೇಶ ಇರುವವರು ವಿದೇಶದ ಟೂರ್ನಿ ವೇಳೆ ಪಾಸ್‌ಪೋರ್ಟನ್ನೇ ಪೊಲೀಸರಿಗೆ ಒಪ್ಪಿಸಬೇಕು. ಗಲಾಟೆ ಮಾಡುವವರನ್ನು ಹುಡುಕಿ ತಡೆಯುವ ಇಂಥ ದಾರಿಯ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.