ಮನೆ ಗೌರಿಯದು, ಮರಿ ಹೊಸದು

ಮನೆಗೆ ನಾಯಿಮರಿ ಬಂದಿದೆ, ಮೊದಲಿನಿಂದ ಎರಡು ಬೆಕ್ಕುಗಳೂ ಇವೆ ಎಂದು ನಾನು ಹೇಳಿಕೊಂಡಾಗ ಸಿಕ್ಕ ಸಲಹೆಗಳಲ್ಲಿ ಬಹುಪಾಲು ಒಂದೇ ಬಗೆಯವಾಗಿದ್ದವು. "ಒಂದೇ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿಬಿಡಿ, ಎರಡು ದಿನ ಕಚ್ಚಾಡುತ್ತವೆ, ಆಮೇಲೆ ತಾವೇ ಹೊಂದಿಕೊಳ್ಳುತ್ತವೆ." ಹೇಳಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ಅವರವರ ಮನೆಗಳಲ್ಲಿ ಹಾಗೆ ನಡೆದಿರಲೂಬಹುದು. ಆದರೆ ಆ ಮಾತನ್ನು ನಂಬಿದ್ದರಿಂದ ನಮ್ಮ ಮನೆಯ ಒಂಬತ್ತು ವರ್ಷದ ಬೆಕ್ಕು ಎರಡು ರಾತ್ರಿ ಮನೆಯನ್ನೇ ಬಿಟ್ಟುಹೋಗಿತ್ತು. ಈ ವಿಷಯವನ್ನು ಇಷ್ಟು ಉದ್ದಕ್ಕೆ ಬರೆಯುತ್ತಿರುವುದು ಅದಕ್ಕಾಗಿಯೇ.

ದಾವಣಗೆರೆಯ ಹಳೇಪೇಟೆಯಲ್ಲಿರುವ ನಮ್ಮದು ರೈಲುಡಬ್ಬಿಯಂತಹ ಉದ್ದನೆಯ ಹಳೆಯ ಮನೆ: ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಕೊನೆಗೆ ಬಚ್ಚಲು ಮತ್ತು ಹಿತ್ತಲು. ಗೌರಿ ಎಂಬ ಮೂರು ಬಣ್ಣದ ಹೆಣ್ಣು ಬೆಕ್ಕು ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬಂದದ್ದು. ಭತ್ತದ ಚೀಲಗಳ ನಡುವೆ ಇಲಿ ಹಿಡಿದು ಬದುಕಿದ ತಾಯಿಯ ಮಗಳು. ಎರಡನೆಯದು ಸಿದ್ದ, ಮೂರು ವರ್ಷದ ಗಂಡು. ಊಟ ಹಾಕುವವರೆಲ್ಲ ತನ್ನ ನೆಂಟರೆಂದು ತಿಳಿದವನು. ಕಳೆದ ಮಳೆಗಾಲದಲ್ಲಿ ಚರಂಡಿಯ ಬದಿಯಲ್ಲಿ ನೆನೆದು ನಡುಗುತ್ತಿದ್ದ ಬೀದಿನಾಯಿಯ ಮರಿಯೊಂದನ್ನು, ಸುಮಾರು ಎರಡು ತಿಂಗಳಿನದಿರಬೇಕು, ನನ್ನ ಮಗ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ. ಅವನಿಗೆ ಕರಿಯ ಎಂದು ಹೆಸರಾಯಿತು.

ಅಂದು ಸಂಜೆಯೇ ನಾನು ಕರಿಯನನ್ನು ಎತ್ತಿಕೊಂಡು ಹೋಗಿ ಗೌರಿಯ ಮುಂದೆ ಇಳಿಸಿದೆ. ಮರಿ ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನು ಮೇಲೆತ್ತಿ, ಬಾಲವನ್ನು ಜೋರಾಗಿ ಅಲ್ಲಾಡಿಸಿ ಒಮ್ಮೆ ಬೊಗಳಿತು. ನಾಯಿಗಳ ಭಾಷೆಯಲ್ಲಿ ಅದು ಆಟಕ್ಕೆ ಕರೆ. ಬೆಕ್ಕಿನ ಭಾಷೆಯಲ್ಲಿ ನೇರವಾಗಿ ಮುಖಕ್ಕೆ ಮುಖ ಕೊಟ್ಟು ಬಾಗುವುದೆಂದರೆ ಮೇಲೆ ಬೀಳಲಿದ್ದಾನೆ ಎಂದರ್ಥ. ಬಾಲ ಆ ಕಡೆ ಈ ಕಡೆ ಬಡಿಯುವುದೆಂದರೆ ಸಿಟ್ಟು. ಗೌರಿಯ ಬಾಲ ಬಾಟಲಿ ತೊಳೆಯುವ ಬ್ರಷ್ಷಿನಂತೆ ಉಬ್ಬಿತು, ಕಿವಿಗಳು ತಲೆಗೆ ಅಂಟಿಕೊಂಡವು, ಬೆನ್ನು ಬಿಲ್ಲಾಯಿತು. ಕರಿಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟ. ಮೂಗಿನ ಮೇಲೆ ಒಂದೇ ಏಟು, ಒಂದು ಹನಿ ರಕ್ತ, ಮರಿಯ ಕಿರುಚಾಟ. ಅಷ್ಟರಲ್ಲಿ ಗೌರಿ ಗವಾಕ್ಷಿಯಿಂದ ಹಂಚಿನ ಮೇಲೆ ಹಾರಿಯಾಗಿತ್ತು. ಎರಡು ರಾತ್ರಿ ಮಳೆಯಲ್ಲಿ ಎಲ್ಲಿದ್ದಳೋ ತಿಳಿಯದು. ಮೂರನೆಯ ದಿನ ಬಂದು ಅಟ್ಟವನ್ನೇರಿ ಕುಳಿತಳು, ಇಳಿಯಲಿಲ್ಲ. ನಾನು ಏಣಿ ತರಲು ಹೊರಟಾಗ ಅವ್ವ ತಡೆದರು: "ಕೈ ಹಾಕಿ ಇಳಿಸಬ್ಯಾಡಪ್ಪ. ಮನಿ ಅದರದು. ಅದು ಇಳೀಬೇಕಂದ್ರ ಮೊದ್ಲು ಈ ಮರಿ ಸುಮ್ಮನಿರೋದು ಕಲೀಬೇಕು."

ನಾನು ಹೇಳಬೇಕೆಂದಿರುವುದೂ ಇದನ್ನೇ. ಎಲ್ಲರೂ ಬೆಕ್ಕು ಹೊಂದಿಕೊಳ್ಳಲಿ ಎಂದು ಕಾಯುತ್ತಾರೆ, ಆದರೆ ಕಲಿಯಬೇಕಾದದ್ದು ನಾಯಿಮರಿ. ಮರಿ ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡು–ಹದಿನಾಲ್ಕನೆಯ ವಾರದವರೆಗೆ ತಾನು ಕಂಡದ್ದನ್ನೆಲ್ಲ ಲೋಕದ ಸಹಜ ಭಾಗವೆಂದು ಸ್ವೀಕರಿಸುತ್ತದೆ. ಆ ವಯಸ್ಸಿನಲ್ಲಿ ಬೆಕ್ಕಿನ ಮುಂದೆ ಶಾಂತವಾಗಿರುವುದನ್ನು ಕಲಿತರೆ ಮುಂದೆಯೂ ಅದು ಸುಲಭವಾಗುತ್ತದೆ. ಬೆಕ್ಕಿನ ಮರಿಗೆ ಈ ಅವಧಿ ಇನ್ನೂ ಚಿಕ್ಕದು, ಎರಡರಿಂದ ಏಳನೆಯ ವಾರದವರೆಗೆ ಮಾತ್ರ. ಗೌರಿ ಆ ವಾರಗಳಲ್ಲಿ ಕಂಡದ್ದು ಚೀಲಗಳ ಸಂದಿಗೆ ಅಟ್ಟಿಸಿಕೊಂಡು ಬರುವ ಬೀದಿನಾಯಿಗಳನ್ನು. ಒಂಬತ್ತು ವರ್ಷಗಳ ಆ ನಂಬಿಕೆಯನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಎರಡು ದಿನದಲ್ಲಿ ಅಳಿಸಬಹುದೆಂದು ನಾನು ಭಾವಿಸಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮತ್ತೆ ಮೊದಲಿನಿಂದ ಶುರುಮಾಡಿದೆವು. ಪಡಸಾಲೆ ಕರಿಯನಿಗೆ, ನಡುಮನೆಯಿಂದ ಹಿಂದಿನದೆಲ್ಲ ಬೆಕ್ಕುಗಳಿಗೆ. ಮೊದಲ ವಾರ ಒಬ್ಬರ ಮುಖವನ್ನು ಇನ್ನೊಬ್ಬರು ನೋಡಲೇ ಇಲ್ಲ, ವಾಸನೆಯೊಂದೇ ಓಡಾಡಿತು. ಬೆಕ್ಕು ಕೆನ್ನೆಯನ್ನು ಬಾಗಿಲಿಗೂ ನಮ್ಮ ಕಾಲಿಗೂ ತಿಕ್ಕುವುದು ಬರಿಯ ಮುದ್ದಲ್ಲ, ಅಲ್ಲಿರುವ ಗ್ರಂಥಿಗಳ ವಾಸನೆಯನ್ನು ಅಂಟಿಸಿ ಇದು ನನ್ನ ಜಾಗ ಎಂದು ಗುರುತು ಹಾಕುವ ಕ್ರಮ. ಹಳೆಯ ಪಂಚೆಯ ತುಂಡೊಂದನ್ನು ಗೌರಿಯ ಕೆನ್ನೆಗೆ ಮೆಲ್ಲನೆ ಸವರಿ ಕರಿಯನ ಗೋಣಿಚೀಲದ ಕೆಳಗಿಟ್ಟೆವು. ಕರಿಯ ಮಲಗಿದ ಬಟ್ಟೆಯನ್ನು ಅಟ್ಟದ ಮೆಟ್ಟಿಲಿನಲ್ಲಿ ಬಿಟ್ಟೆವು. ಮೊದಲ ದಿನ ಗೌರಿ ಆ ಬಟ್ಟೆಯನ್ನು ಮೂಸಿ ಬುಸುಗುಟ್ಟಿದಳು. ನಾಲ್ಕನೆಯ ದಿನ ಅದನ್ನು ದಾಟಿಕೊಂಡು ಹೋದಳು. ಆರನೆಯ ದಿನ ಅದರ ಮೇಲೆಯೇ ಕುಳಿತು ಕಾಲು ನೆಕ್ಕಿಕೊಂಡಳು. ಆಗ ಊಟದ ತಟ್ಟೆಗಳನ್ನು ಮುಚ್ಚಿದ ಬಾಗಿಲಿನ ಎರಡು ಬದಿಗೆ ತಂದೆವು, ಮೊದಲು ದೂರದಲ್ಲಿ, ಆಮೇಲೆ ದಿನಕ್ಕೊಂದು ಗೇಣಿನಷ್ಟು ಹತ್ತಿರಕ್ಕೆ. ಯಾವ ದಿನ ಗೌರಿ ತಟ್ಟೆ ಬಿಟ್ಟು ಎದ್ದಳೋ ಅದರ ಮರುದಿನ ತಟ್ಟೆಯನ್ನು ಮತ್ತೆ ಹಿಂದಕ್ಕೆ ಸರಿಸಿದೆವು.

ಕಣ್ಣಿಗೆ ಕಣ್ಣು ಬಿದ್ದದ್ದು ಮೂರನೆಯ ವಾರದಲ್ಲಿ, ಬಾಗಿಲ ಚೌಕಟ್ಟಿಗೆ ಕಟ್ಟಿದ ತಂತಿಬಲೆಯ ಮೂಲಕ. ಆ ಹೊತ್ತಿಗೆ ಮನೆಯ ಎತ್ತರದ ಜಾಗಗಳನ್ನೆಲ್ಲ ಬೆಕ್ಕುಗಳಿಗೆಂದು ತೆರವು ಮಾಡಿದ್ದೆವು: ಗೋಡೆಯ ಗೂಡು, ಬೀರುವಿನ ತಲೆ, ಹಿತ್ತಲಿನ ಕಟ್ಟೆ. ನೆಲಕ್ಕೆ ಇಳಿಯದೆ ಮನೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬಲ್ಲ ದಾರಿ ಬೆಕ್ಕಿಗಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ, ಏಕೆಂದರೆ ಓಡಿಹೋಗಲು ದಾರಿಯಿದೆ ಎಂದು ತಿಳಿದ ಬೆಕ್ಕು ಓಡುವುದಿಲ್ಲ, ಓಡದ ಬೆಕ್ಕನ್ನು ಮರಿ ಅಟ್ಟುವುದಿಲ್ಲ. ಅವ್ವನಿಗೆ ಮಾತ್ರ ಉಪ್ಪಿನಕಾಯಿ ಭರಣಿಗಳನ್ನು ಗೂಡಿನಿಂದ ತೆಗೆದದ್ದು ಇಂದಿಗೂ ಸಮ್ಮತವಿಲ್ಲ.

ಕರಿಯನ ಪಾಠ ಇನ್ನೂ ಸರಳವಾಗಿತ್ತು, ಆದರೆ ಬೇಸರ ತರಿಸುವಂಥದ್ದು. ನೂಲಿನ ಹಗ್ಗದ ಒಂದು ತುದಿ ಅವನ ಕೊರಳಪಟ್ಟಿಗೆ, ಇನ್ನೊಂದು ನನ್ನ ಸೊಂಟಕ್ಕೆ. ಸಿದ್ದ ಎದುರಿಗೆ ಹಾದಾಗ ಕರಿಯ ಅವನನ್ನು ನೋಡುತ್ತಾನೆ, ನೋಡಲಿ. ಅಲ್ಲಿಂದ ಕಣ್ಣು ತೆಗೆದು ನನ್ನತ್ತ ತಿರುಗಿದ ಕ್ಷಣದಲ್ಲಿಯೇ ಉಗುರಿನಷ್ಟು ಗಾತ್ರದ ಬೇಯಿಸಿದ ಕೋಳಿಯ ಚೂರೊಂದು ಬಾಯಿಗೆ. ಹಗ್ಗವನ್ನು ಜಗ್ಗಬಾರದು, ಬೈಯಬಾರದು. ಬೆಕ್ಕು ಕಂಡಾಗಲೆಲ್ಲ ಕುತ್ತಿಗೆ ನೋಯುತ್ತದೆ ಎಂದು ಮರಿ ಕಲಿತರೆ ಬೆಕ್ಕಿನ ಮೇಲೆ ಹಗೆ ಬೆಳೆಯುತ್ತದೆ. ಒಮ್ಮೆಗೆ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಅದೂ ಅವನು ಹೊರಗೆ ಅಡ್ಡಾಡಿ ಉಂಡ ಮೇಲೆ. ಆ ವಯಸ್ಸಿನ ಮರಿಗೆ ದಿನಕ್ಕೆ ಸುಮಾರು 18 ಗಂಟೆಯ ನಿದ್ದೆ ಬೇಕು. ನಿದ್ದೆಗೆಟ್ಟ ಮರಿಗೆ ಸಂಜೆ ಹೊತ್ತಿಗೆ ಹುಚ್ಚು ಹಿಡಿದಂತಾಗುತ್ತದೆ. ನಮ್ಮಲ್ಲಿ ನಡೆದ ಅನಾಹುತಗಳೆಲ್ಲ ದೀಪ ಹಚ್ಚುವ ಹೊತ್ತಿನವೇ.

ಬೆಕ್ಕು ಬುಸುಗುಟ್ಟಿದಾಗ ಅದನ್ನು ಗದರಿಸುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಬುಸುಗುಟ್ಟುವುದು ಅದರ ಎಚ್ಚರಿಕೆಯ ಮಾತು. ಆ ಬಾಯಿಯನ್ನು ಮುಚ್ಚಿಸಿದರೆ ಉಳಿಯುವುದು ಉಗುರು, ಉಗುರು ಮರಿಯ ಕಣ್ಣಿಗೆ ತಗುಲಿದರೆ ಆಸ್ಪತ್ರೆಯ ದಾರಿ.

ಬೆಕ್ಕಿನ ಊಟ ಮತ್ತು ಮರಳಿನ ಟ್ರೇ ಎರಡೂ ಮರಿಗೆ ಎಟುಕಬಾರದು. ನಾಯಿಗೆ ಬೆಕ್ಕಿನ ಹೇಲೂ ತಿಂಡಿಯೇ, ಹೇಳಲು ಅಸಹ್ಯವಾದರೂ ನಿಜ. ಅದಕ್ಕಿಂತ ಮುಖ್ಯವಾಗಿ, ಟ್ರೇಯಲ್ಲಿ ಕುಳಿತಾಗ ಒಮ್ಮೆ ಮೇಲೆ ಬಿದ್ದರೆ ಬೆಕ್ಕು ಮತ್ತೆ ಅತ್ತ ಸುಳಿಯುವುದಿಲ್ಲ. ದಿಗಿಲಿಗೆ ಬಿದ್ದ ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಳ್ಳುವುದುಂಟು. ಮತ್ತೆ ಮತ್ತೆ ಕುಳಿತು ಹನಿ ಮೂತ್ರವೂ ಬಾರದಿದ್ದರೆ ಬೆಳಗಿನವರೆಗೆ ಕಾಯದೆ ಪಶುವೈದ್ಯರ ಬಳಿಗೆ ಹೋಗಬೇಕು, ಅದು ಪ್ರಾಣದ ಪ್ರಶ್ನೆ. ಊಟ ಬಿಟ್ಟ ಬೆಕ್ಕನ್ನೂ "ಹಸಿದರೆ ತಾನೇ ತಿನ್ನುತ್ತದೆ" ಎಂದು ಬಿಡುವಂತಿಲ್ಲ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೆ ಕುತ್ತು ಬರುತ್ತದೆ. ಗೌರಿ ಅಟ್ಟದಲ್ಲಿದ್ದ ದಿನಗಳಲ್ಲಿ ನಾವು ಅವಳ ತಟ್ಟೆಯನ್ನು ಅಲ್ಲಿಗೇ ಮುಟ್ಟಿಸುತ್ತಿದ್ದೆವು. ಬಂದವರು ಪ್ರೀತಿಯಿಂದ ಹಾಕುವ ಮಂಡಕ್ಕಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಅದರಲ್ಲಿರುವ ಈರುಳ್ಳಿ ಎರಡೂ ಪ್ರಾಣಿಗಳ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ, ಬೆಕ್ಕಿಗೆ ಇನ್ನೂ ಬೇಗ. ನಮ್ಮ ಊರಿನಲ್ಲಿ ಇದನ್ನು ನೆಂಟರಿಗೆ ಹೇಳಿ ಒಪ್ಪಿಸುವುದಕ್ಕಿಂತ ನಾಯಿಗೆ ಪಾಠ ಕಲಿಸುವುದು ಸುಲಭ.

ಔಷಧದ ಮಾತೊಂದನ್ನು ಮಾತ್ರ ದಯವಿಟ್ಟು ಹಗುರವಾಗಿ ಓದಬೇಡಿ. ಕರಿಯನ ಮೈಯಲ್ಲಿ ಉಣ್ಣಿ ಕಂಡಾಗ ಅಂಗಡಿಯವರೊಬ್ಬರು ಕತ್ತಿನ ಮೇಲೆ ಬಿಡುವ ಹನಿ ಔಷಧ ಕೊಟ್ಟು, "ಬೆಕ್ಕಿಗೂ ಇದನ್ನೇ ಸ್ವಲ್ಪ ಕಡಿಮೆ ಹಾಕಿ" ಎಂದರು. ಮನೆಗೆ ಬಂದು ಪೊಟ್ಟಣದ ಸಣ್ಣ ಅಕ್ಷರ ಓದಿದಾಗ ಅದರಲ್ಲಿ ಪರ್ಮೆಥ್ರಿನ್ ಇತ್ತು. ನಾಯಿ ತಡೆದುಕೊಳ್ಳುವ ಈ ರಾಸಾಯನಿಕವನ್ನು ಬೆಕ್ಕಿನ ದೇಹ ಕರಗಿಸಲಾರದು. ನಡುಕ, ಫಿಟ್ಸ್ ಬಂದು ಸಾಯಬಹುದು. ಬೆಕ್ಕಿಗೆ ಹಾಕದಿದ್ದರೂ, ಔಷಧ ಹಾಕಿದ ನಾಯಿಯ ಮೈಗೆ ಮೈ ತಾಗಿಸಿ ಮಲಗುವ ಅಥವಾ ಅದನ್ನು ನೆಕ್ಕುವ ಬೆಕ್ಕಿಗೂ ಅಪಾಯವಿದೆ. ಅಂದರೆ ಸ್ನೇಹ ಬೆಳೆದ ಮನೆಯಲ್ಲಿಯೇ ಅಪಾಯ ಹೆಚ್ಚು. ಪಶುವೈದ್ಯರನ್ನು ಕೇಳಿ, ಎರಡಕ್ಕೂ ಒಗ್ಗುವ ಬೇರೆ ಔಷಧ ಬರೆಸಿಕೊಂಡೆವು. ಹಾಗೆ ಹೋದಾಗಲೇ ಮೂರು ತಿಂಗಳು ತುಂಬಿದ ಕರಿಯನಿಗೆ ರೇಬೀಸ್ ಲಸಿಕೆಯೂ ಆಯಿತು, ಬೆಕ್ಕುಗಳದೂ ನವೀಕರಣವಾಯಿತು.

ಎಲ್ಲ ನಾಯಿಗಳೂ ಕರಿಯನಂತಲ್ಲ ಎಂಬುದನ್ನೂ ಒಪ್ಪುತ್ತೇನೆ. ಮುಧೋಳ ನಾಯಿಯಂತಹ ಬೇಟೆಯ ತಳಿಗಳು ಓಡುವುದನ್ನು ಕಣ್ಣಿನಿಂದ ಕಂಡು ಅಟ್ಟಲೆಂದೇ ತಲೆಮಾರುಗಳಿಂದ ಬೆಳೆದುಬಂದವು; ಅವುಗಳ ಮೈಗೆ ಹತ್ತಿದ ಗುಣವನ್ನು ಕೋಳಿಯ ಚೂರಿನಿಂದ ಪೂರ್ತಿ ತೊಡೆಯಲಾಗದು. ಗದ್ದಲ ಮಾಡಿ ಕುಣಿಯುವ ಮರಿಗೆ ನಾನು ಹೆದರುವುದಿಲ್ಲ. ಸದ್ದಿಲ್ಲದೆ, ಮೈ ಬಿಗಿದು, ರೆಪ್ಪೆ ಬಡಿಯದೆ ಬೆಕ್ಕನ್ನು ದಿಟ್ಟಿಸುವ, ಕರೆದರೂ ಕಿವಿಗೊಡದ ನಾಯಿ ಆಟಕ್ಕೆ ನಿಂತಿಲ್ಲ. ಅಂತಹ ಜೋಡಿಯನ್ನು ಕೊನೆಯವರೆಗೂ ಬೇರೆ ಬೇರೆ ಕೋಣೆಗಳಲ್ಲಿ ಸಾಕುವುದರಲ್ಲಿ ಅವಮಾನವೇನೂ ಇಲ್ಲ.

ಸಿದ್ದ ಒಂದೂವರೆ ತಿಂಗಳಿಗೇ ಕರಿಯನ ಕಿವಿ ಕಚ್ಚಿ ಆಡತೊಡಗಿದ. ಗೌರಿಗೆ ನಾಲ್ಕು ತಿಂಗಳು ಹಿಡಿಯಿತು, ಸ್ನೇಹವೆಂದು ಅದನ್ನು ಇಂದಿಗೂ ಕರೆಯಲಾರೆ. ಈಗ ದಾವಣಗೆರೆಯ ಬೇಸಿಗೆ. ಮಧ್ಯಾಹ್ನ ಕರೆಂಟು ಹೋದರೆ ಮನೆಯಲ್ಲಿ ತಂಪಿರುವುದು ಬಚ್ಚಲ ಹಂಡೆಯ ಪಕ್ಕದ ಕಲ್ಲುಹಾಸಿನಲ್ಲಿ ಮಾತ್ರ. ನಿನ್ನೆ ಕರಿಯ ಅಲ್ಲಿ ಮೊದಲೇ ಮಲಗಿದ್ದ. ಗೌರಿ ಬಂದಳು, ನಿಂತಳು, ಅವನು ಒಂದು ಕಣ್ಣು ತೆರೆದು ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡ. ಅವಳು ಎರಡು ಮೊಳ ದೂರದಲ್ಲಿ, ಅವನಿಗೆ ಬೆನ್ನು ಹಾಕಿ ಮಲಗಿದಳು. ಅವ್ವ ನೀರಿಗೆಂದು ಬಂದವರು ತಂಬಿಗೆಯನ್ನು ಸದ್ದಾಗದಂತೆ ಕೆಳಗಿಟ್ಟು ಹಿಂದಿರುಗಿದರು. ನಾವೆಲ್ಲ ಹೊರಗೆ ಹೋಗುವ ದಿನ ನಡುಮನೆಯ ಬಾಗಿಲನ್ನು ಈಗಲೂ ಹಾಕಿಕೊಂಡೇ ಹೋಗುತ್ತೇವೆ.