ಇಂಗ್ಲಿಷಿಗಾದರೆ ದೋಷ, ಕನ್ನಡಕ್ಕಾದರೆ ಬೇಡಿಕೆ

ವರ್ಡ್ ಬಿಟ್ಟು ಸಾದಾ ಟೆಕ್ಸ್ಟ್ ಎಡಿಟರಿನಲ್ಲೇ ಎಲ್ಲವನ್ನೂ ಬರೆಯುವ ನನ್ನ ಹಟ ನಿಮಗೇನೂ ಹೊಸದಲ್ಲ. ನಾನು ಬಳಸುವ ಎಡಿಟರಿನಲ್ಲಿ (ಹೆಸರು ಬೇಡ) ಸಾಲು ಅಂಚನ್ನು ಮುಟ್ಟಿದಾಗ ‘ರಾಷ್ಟ್ರ’ ಎಂಬ ಪದ ಕೆಲವೊಮ್ಮೆ ‘ರಾಷ್’ ಎಂದು ಮೇಲೆ, ‘ಟ್ರ’ ಎಂದು ಕೆಳಗೆ ಒಡೆದುಹೋಗುತ್ತದೆ. ಆವೃತ್ತಿಯ ಸಂಖ್ಯೆ, ಫಾಂಟಿನ ಹೆಸರು, ಮಾದರಿ ಕಡತ, ಸ್ಕ್ರೀನ್‌ಶಾಟ್ ಎಲ್ಲವನ್ನೂ ಲಗತ್ತಿಸಿ ಅದನ್ನು ರೂಪಿಸುವ ತಂಡಕ್ಕೆ ಬಗ್ ರಿಪೋರ್ಟ್, ಅಂದರೆ ದೋಷದ ದೂರು, ಸಲ್ಲಿಸಿದ್ದೆ. ಇಂದು ಬೆಳಿಗ್ಗೆ ನೋಡಿದರೆ, ಅದರ ಮೇಲಿದ್ದ ‘ಬಗ್’ ಎಂಬ ಲೇಬಲನ್ನು ಕಿತ್ತು ‘ಫೀಚರ್ ರಿಕ್ವೆಸ್ಟ್’ (ಹೊಸ ಸೌಲಭ್ಯದ ಬೇಡಿಕೆ) ಎಂದು ಅಂಟಿಸಿ, ಸಾಕಷ್ಟು ಜನ ಕೇಳಿದರೆ ಮುಂದೆ ಪರಿಶೀಲಿಸುವುದಾಗಿ ಗೀಚಿ ಮುಚ್ಚಿಬಿಟ್ಟಿದ್ದಾರೆ.

ಅಕ್ಷರವನ್ನು ತುಂಡರಿಸಬೇಡಿ ಎನ್ನುವುದು ಹೊಸ ಸೌಲಭ್ಯದ ಬೇಡಿಕೆಯಂತೆ! ಇಂಗ್ಲಿಷಿನ ‘ಡಬ್ಲ್ಯು’ ಅರ್ಧ ಮೇಲಿನ ಸಾಲಿನಲ್ಲೂ ಅರ್ಧ ಕೆಳಗಿನ ಸಾಲಿನಲ್ಲೂ ಬಿದ್ದಿದ್ದರೆ, ಎಷ್ಟು ಜನ ಕೇಳಿದರೆಂದು ಎಣಿಸದೆ ಅಂದು ಸಂಜೆಯೇ ಸರಿಪಡಿಸುತ್ತಿದ್ದರು.

ಬೇಡಿಕೆಗಳಿಗೆ ಮತ ಎಣಿಸುವುದರ ಬಗ್ಗೆ ನನ್ನ ತಕರಾರಿಲ್ಲ. ವಿಮ್ ಎಡಿಟರನ್ನು 1991ರಲ್ಲಿ ಹೊರತಂದು 2023ರಲ್ಲಿ ತೀರಿಕೊಳ್ಳುವವರೆಗೂ ನಡೆಸಿಕೊಂಡು ಬಂದ ಬ್ರಾಮ್ ಮೊಲೆನಾರ್, ಗೊತ್ತಿರುವ ದೋಷಗಳ ಮತ್ತು ಆಗಬೇಕಾದ ಕೆಲಸಗಳ ಉದ್ದನೆಯ ಪಟ್ಟಿಯನ್ನು ಅದರ ಸಹಾಯ ಕಡತಗಳ ಜೊತೆಯಲ್ಲೇ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ಹಣ ಕೊಟ್ಟವರು ಹೊಸ ಸೌಲಭ್ಯಗಳಿಗೆ ಮತ ಹಾಕಬಹುದಿತ್ತು, ಆ ಹಣ ಉಗಾಂಡದ ಮಕ್ಕಳ ನೆರವಿಗೆ ಹೋಗುತ್ತಿತ್ತು. ವಿಎಸ್ ಕೋಡ್ ಎಂಬ ಇನ್ನೊಂದು ಎಡಿಟರಿನ ತಂಡವೂ ಹೊಸ ಬೇಡಿಕೆಗೆ 60 ದಿನಗಳಲ್ಲಿ 20 ಮತ ಬೀಳದಿದ್ದರೆ ಅದನ್ನು ಮುಚ್ಚುವುದಾಗಿ ಮೊದಲೇ ತಿಳಿಸುತ್ತದೆ. ಇವೆಲ್ಲ ಬಯಕೆಗಳಿಗೆ ಮಾಡಿದ ನಿಯಮಗಳು. ದೋಷವನ್ನು ಬಯಕೆಯೆಂದು ಕರೆದು ಮತದ ಸಾಲಿಗೆ ತಳ್ಳುವುದು ಯಾವ ನ್ಯಾಯ?

ಪಾಪ, ಬಿಡುವಿನ ವೇಳೆಯಲ್ಲಿ ಪುಕ್ಕಟೆ ದುಡಿಯುವವರು, ಎಲ್ಲ ಭಾಷೆಗಳನ್ನೂ ಅವರು ಕಲಿಯಬೇಕೇ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಕಲಿಯಬೇಕಿಲ್ಲ, ಬೇಗ ಸರಿಪಡಿಸಲೂ ಬೇಕಿಲ್ಲ. ‘ಇದು ದೋಷ, ನಮಗೆ ಪುರುಸೊತ್ತಿಲ್ಲ’ ಎಂದು ಬರೆದು ವರ್ಷಗಟ್ಟಲೆ ಹಾಗೇ ತೆರೆದಿಟ್ಟಿದ್ದರೂ ನಾನು ತೆಪ್ಪಗಿರುತ್ತಿದ್ದೆ. ಲೇಬಲ್ ಬದಲಿಸಲು ಮಾತ್ರ ಅವರಿಗೆ ಪುರುಸೊತ್ತಿತ್ತು.

ಅವರು ಕೊಟ್ಟ ಇನ್ನೊಂದು ಕಾರಣವೆಂದರೆ ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಕೇತ ಗೊತ್ತುಮಾಡುವ ಶಿಷ್ಟತೆ. ‘ರಾಷ್ಟ್ರ’ ನಮ್ಮ ಕಣ್ಣಿಗೆ ಎರಡಕ್ಷರವಾದರೂ ಕಂಪ್ಯೂಟರಿಗೆ ಏಳು ಸಂಕೇತಗಳು. ಇವುಗಳಲ್ಲಿ ಯಾವುವು ಒಟ್ಟಿಗಿರಬೇಕೆಂದು ಹೇಳುವ ಯೂನಿಕೋಡ್ ನಿಯಮಕ್ಕೆ 2023ರ 15.1ನೇ ಆವೃತ್ತಿಯಲ್ಲಿ ಭಾರತೀಯ ಸಂಯುಕ್ತಾಕ್ಷರಗಳನ್ನು ಒಡೆಯಬಾರದೆಂಬ ಅಂಶವೊಂದು ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳಿಗೆ ಅದು ಅನ್ವಯಿಸಿತು, ಕನ್ನಡವನ್ನು ಆಗ ಸೇರಿಸಲಿಲ್ಲ. ಆದ್ದರಿಂದ ನಮ್ಮ ಎಡಿಟರ್ ನಿಯಮದಂತೆಯೇ ನಡೆಯುತ್ತಿದೆ ಎಂಬುದು ಅವರ ವಾದ. ಆ ನಿಯಮವಿರುವ ಯೂನಿಕೋಡ್ ದಾಖಲೆಯಲ್ಲೇ, ಇವು ಬೇರೆ ಏರ್ಪಾಡಿಲ್ಲದಾಗ ಬಳಸುವ ನಿಯಮಗಳಷ್ಟೇ, ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬಹುದು ಎಂದೂ ಬರೆದಿದೆ. ಆ ಭಾಗ ಅವರ ಕಣ್ಣಿಗೆ ಬೀಳಲಿಲ್ಲವೆಂದು ಕಾಣುತ್ತದೆ.

ನಿಜ ಹೇಳುತ್ತೇನೆ, ಇದನ್ನು ಓದಿದಾಗ ಸಿಟ್ಟಿಗಿಂತ ಮೊದಲು ಬಂದದ್ದು ತೆಲುಗಿನ ಮೇಲೆ ಹೊಟ್ಟೆಕಿಚ್ಚು. ಅವರೂ ನಮ್ಮಂತೆಯೇ ಒತ್ತನ್ನು ಕೆಳಗೆ ಬರೆಯುತ್ತಾರೆ, ನಮ್ಮಂತೆಯೇ ‘ಷ’ಕ್ಕೆ ‘ಟ’ ಒತ್ತು ಕೊಡುತ್ತಾರೆ. ಪಟ್ಟಿಯಲ್ಲಿ ಮಾತ್ರ ಅವರಿದ್ದಾರೆ, ನಾವಿಲ್ಲ. ಅಲ್ಲಿ ಇಲ್ಲವೆಂದ ಮಾತ್ರಕ್ಕೆ ನಮ್ಮ ಒತ್ತಕ್ಷರ ಒಡೆಯಲು ಯೋಗ್ಯವಾಗಿಬಿಡುತ್ತದೆಯೇ?

ಈಗ ಹೊಸ ರಿಪೋರ್ಟ್ ಹಾಕಿದ್ದೇನೆ. ಶೀರ್ಷಿಕೆ ‘ಸಾಲಿನ ಅಂಚಿನಲ್ಲಿ ಅಕ್ಷರ ತುಂಡಾಗುತ್ತಿದೆ’ ಎಂದಷ್ಟೇ ಇದೆ. ಕನ್ನಡದ ಸುದ್ದಿಯನ್ನೇ ಎತ್ತಿಲ್ಲ. ಮಾದರಿಗೆ, ಇದೇ ರೀತಿ ಒಡೆಯುವ ತೆಲುಗಿನ ಸಾಲೊಂದನ್ನು ಲಗತ್ತಿಸಿದ್ದೇನೆ. ಅವರದೇ ನಿಯಮದ ಪಟ್ಟಿಯಲ್ಲಿರುವ ಲಿಪಿಗೆ ಈ ಬಾರಿ ಯಾವ ಲೇಬಲ್ ಅಂಟಿಸುತ್ತಾರೋ ನೋಡೋಣ.